ಮೊದಲನೆಯದರ ಹಾಲು, ಎರಡನೆಯದರ ಆಸೆ

ನೀಲಗಿರಿಯ ಕಟ್ಟಬೆಟ್ಟು ದೊಡ್ಡ ಊರೇನಲ್ಲ. ಕೋತಗಿರಿ ಸೀಮೆಯ ಚಹಾ ತೋಟಗಳ ನಡುವೆ ಬಡಗರ ಹಟ್ಟಿಗಳು, ಸಣ್ಣ ಬೆಳೆಗಾರರ ಸಹಕಾರಿ ಚಹಾ ಕಾರ್ಖಾನೆ, ಒಂದಿಷ್ಟು ಅಂಗಡಿಗಳು. ಆ ಕಡೆ ವ್ಯಾಪಾರಕ್ಕೆಂದು ಹೋಗಿ ನೆಲೆಸಿದ ನಮ್ಮ ಸಮಾಜದ ಮನೆಯೊಂದರ ಸೊಸೆ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಮಗಳಿಗೆ ಒಂದು ವರ್ಷ ಏಳು ತಿಂಗಳು ತುಂಬಿತು. ಇನ್ನೂ ಮೊಲೆ ಬಿಟ್ಟಿಲ್ಲ. ನನಗೆ ಮೂವತ್ತೆರಡು. ಎರಡನೆಯದು ಬೇಕೆಂದು ನಮ್ಮಿಬ್ಬರಿಗೂ ಆಸೆ. ಹಾಲು ಬಿಡಿಸದೆ ಬಸಿರು ನಿಲ್ಲುವುದಿಲ್ಲ, ಈ ತಿಂಗಳೇ ಬೇವಿನೆಣ್ಣೆ ಹಚ್ಚಿ ಬಿಡಿಸು ಅಂತ ಅತ್ತೆಯವರು ಹೇಳುತ್ತಿದ್ದಾರೆ. ಮಗು ಅಳುವುದನ್ನು ನೆನೆದರೆ ನನಗೆ ಮನಸ್ಸೇ ಬರುವುದಿಲ್ಲ. ಬಿಡಿಸಲೇಬೇಕೇನು?”

ಇಂಥ ಪ್ರಶ್ನೆಯನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳುವುದು ಕಡಿಮೆ. ಗಂಡನ ಹತ್ತಿರ ಹೇಳಿದರೆ ‘ಅಮ್ಮನನ್ನು ಕೇಳು’ ಎನ್ನುತ್ತಾನೆ. ಡಾಕ್ಟರ ಹತ್ತಿರ ಹೋದರೆ ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ, ಮಾತು ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಮನೆಯ ಗಂಡಸರೂ ಓದಲಿ. ಉತ್ತರವನ್ನು ಮೊದಲೇ ಹೇಳುವುದಾದರೆ, ಬಹಳಷ್ಟು ತಾಯಂದಿರು ಹಾಲು ಬಿಡಿಸಬೇಕಾಗಿಲ್ಲ. ಕೆಲವರು ಕಡಿಮೆ ಮಾಡಬೇಕಾದೀತು. ಪೂರ್ತಿ ನಿಲ್ಲಿಸಬೇಕಾದವರು ಇನ್ನೂ ಕಡಿಮೆ. ತಾನು ಯಾವ ಗುಂಪಿನವಳು ಎಂಬುದನ್ನು ತಾಯಿಯ ದೇಹ, ಅವಳ ವಯಸ್ಸು ಮತ್ತು ಮಗುವಿನ ವಯಸ್ಸು ನೋಡಿ ತೀರ್ಮಾನಿಸಬೇಕೇ ಹೊರತು ಮನೆಯವರ ಆತುರ ನೋಡಿ ಅಲ್ಲ.

ಅತ್ತೆಯವರ ಮಾತಿನಲ್ಲಿರುವ ನಿಜ

ಹಿರಿಯರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಮಗು ಮೊಲೆ ಚೀಪಿದಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ತಾಯಿಯ ಮೆದುಳಿಗೆ ಮುಟ್ಟುತ್ತದೆ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ. ಅದೇ ವೇಳೆಗೆ ಅಂಡಾಶಯವನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನುಗಳ ಮಿಡಿತ ತಗ್ಗುತ್ತದೆ. ಅಂಡ ಬಲಿಯುವುದಿಲ್ಲ, ಮುಟ್ಟೂ ಆಗುವುದಿಲ್ಲ. ಕೈಗೂಸಿಗೆ ಹಾಲುಣಿಸುವ ತಾಯಿಗೆ ಬೇಗನೆ ಇನ್ನೊಂದು ಬಸಿರು ನಿಲ್ಲದಂತೆ ಪ್ರಕೃತಿಯೇ ಮಾಡಿಟ್ಟ ವ್ಯವಸ್ಥೆ ಇದು.

1988ರಲ್ಲಿ ಇಟಲಿಯ ಬೆಲಾಜಿಯೊ ಎಂಬಲ್ಲಿ ಸೇರಿದ ತಜ್ಞರು ಈ ವ್ಯವಸ್ಥೆಗೆ ಎಷ್ಟು ಬಲವಿದೆಯೆಂದು ಪರಿಶೀಲಿಸಿದರು. ಮಗು ಆರು ತಿಂಗಳೊಳಗಿನದಾಗಿರಬೇಕು, ಅದಕ್ಕೆ ತಾಯಿಯ ಹಾಲೇ ಆಹಾರವಾಗಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರೂ ಕೂಡಿದ್ದರೆ ಗರ್ಭ ನಿಲ್ಲದಂತೆ ಸಿಗುವ ರಕ್ಷಣೆ ನೂರಕ್ಕೆ 98ಕ್ಕಿಂತ ಹೆಚ್ಚು ಎಂದು ಒಪ್ಪಿಕೊಂಡರು. ಮೂರರಲ್ಲಿ ಒಂದು ತಪ್ಪಿದರೂ ಆ ಭರವಸೆ ಇಲ್ಲ. ಅನ್ನ, ರಾಗಿ ಗಂಜಿ, ಚಪಾತಿ ತಿಂದುಕೊಂಡು ಓಡಾಡುವ ಒಂದೂವರೆ ವರ್ಷದ ಮಗು ದಿನಕ್ಕೆ ಮೂರು ನಾಲ್ಕು ಬಾರಿ ಮೊಲೆಗೆ ಬಂದರೆ ಅದು ಹೆಚ್ಚಿನ ತಾಯಂದಿರಲ್ಲಿ ಗರ್ಭವನ್ನು ತಡೆಯುವಷ್ಟು ಬಲದ್ದಲ್ಲ. ಅತ್ತೆಯವರ ಮಾತು ಆರು ತಿಂಗಳ ಕೂಸಿನ ತಾಯಿಗೆ ಚೆನ್ನಾಗಿ ಹೊಂದುತ್ತದೆ. ಹತ್ತೊಂಬತ್ತು ತಿಂಗಳ ಮಗುವಿನ ತಾಯಿಗೆ ಅಷ್ಟಾಗಿ ಹೊಂದುವುದಿಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ವರ್ಷ ಹಾಲು ಕೊಟ್ಟಿರಿ ಎಂಬುದಕ್ಕಿಂತ, ದಿನಕ್ಕೆ ಎಷ್ಟು ಬಾರಿ, ಎಷ್ಟು ಹೊತ್ತಿನ ಅಂತರದಲ್ಲಿ ಕೊಡುತ್ತೀರಿ ಎಂಬುದು. ಆಫ್ರಿಕದ ಕಲಹರಿ ಮರುಭೂಮಿಯ ಕುಂಗ್ ಜನರಲ್ಲಿ ತಾಯಂದಿರು ಮಗುವನ್ನು ಮೈಗೆ ಕಟ್ಟಿಕೊಂಡೇ ತಿರುಗುತ್ತ, ಗಂಟೆಗೆ ಹಲವು ಬಾರಿ ಒಂದೊಂದು ಕ್ಷಣ ಹಾಲು ಕೊಡುತ್ತಿದ್ದರು. ಬೇರೆ ಯಾವ ಉಪಾಯವೂ ಇಲ್ಲದೆ ಅವರ ಮಕ್ಕಳ ನಡುವೆ ಮೂರೂವರೆ ವರ್ಷಕ್ಕೂ ಮೀರಿದ ಅಂತರವಿತ್ತೆಂದು ಕಾನರ್ ಮತ್ತು ವರ್ತ್‌ಮನ್ ಎಂಬ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದರು. ಅದೇ ಕಾಲಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹೋವಿ ಮತ್ತು ಮೆಕ್‌ನೀಲಿ ಎಂಬವರು ಬಾಣಂತಿಯರನ್ನು ತಿಂಗಳುಗಟ್ಟಲೆ ಗಮನಿಸಿದರು. ಮಗುವಿಗೆ ಬೇರೆ ಆಹಾರ ಶುರುವಾಗಿ, ಹಾಲುಣಿಸುವ ಸಲ ಕಡಿಮೆಯಾದ ಮೇಲೆ ಅಂಡಾಶಯ ಮತ್ತೆ ಎಚ್ಚರಗೊಳ್ಳುವುದು ಅವರಿಗೆ ಕಂಡುಬಂತು.

ರಾತ್ರಿಯ ಹಾಲಿಗೆ ಇದರಲ್ಲಿ ದೊಡ್ಡ ಪಾಲಿದೆ. ನೀಲಗಿರಿಯಂಥ ಚಳಿಯ ಊರಿನಲ್ಲಿ ತಾಯಿ ಮಗು ಒಂದೇ ಕಂಬಳಿಯೊಳಗೆ ಮಲಗುತ್ತಾರೆ. ಮಗು ನಿದ್ದೆಗಣ್ಣಿನಲ್ಲೇ ಮೊಲೆ ಹುಡುಕುತ್ತದೆ, ತಾಯಿಗೆ ಎಷ್ಟು ಸಲ ಕೊಟ್ಟೆನೆಂಬ ನೆನಪೂ ಇರುವುದಿಲ್ಲ. ‘ಹಗಲು ಎರಡೇ ಸಲ ಕೊಡುವುದು, ಆದರೂ ಮುಟ್ಟು ಬಂದಿಲ್ಲ’ ಎನ್ನುವವರು ರಾತ್ರಿಯ ಲೆಕ್ಕವನ್ನೂ ಕೂಡಿಸಿ ನೋಡಬೇಕು. ಇದಕ್ಕೆ ತದ್ವಿರುದ್ಧ, ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ರಾತ್ರಿ ಎಂಟರವರೆಗೂ ಏಳಲಾಗದ ಸೊಸೆಯ ಪರಿಸ್ಥಿತಿ. ಮಗು ಮನೆಯಲ್ಲಿ ಅಜ್ಜಿಯ ಹತ್ತಿರ. ಹಾಲಿನ ಅಂತರ ಹಲವು ಗಂಟೆಗೆ ಹಿಗ್ಗುತ್ತದೆ, ಇಂಥವರಿಗೆ ಮುಟ್ಟು ಬೇಗ ಮರಳುವ ಸಂಭವ ಹೆಚ್ಚು. ಪಕ್ಕದ ಚಹಾ ತೋಟದಲ್ಲಿ ಎಲೆ ಕೊಯ್ಯುವವಳಿಗಾದರೂ ಕಾನೂನಿನ ಆಸರೆಯಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆರಡು ಬಿಡುವು ಕೊಡಿಸಿತು. ಸ್ವಂತ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವ ನಮ್ಮ ಸೊಸೆಯಂದಿರಿಗೆ ಬಿಡುವು ಕೊಡಿಸುವ ಕಾಯ್ದೆ ಯಾವುದು?

ಮುಟ್ಟು ಮರಳಿದೆಯೇ ಎಂಬುದು ಮೊದಲ ಪ್ರಶ್ನೆ

ಎರಡನೆಯ ಮಗುವಿನ ಯೋಚನೆ ಮಾಡುವ ತಾಯಿ ಮೊದಲು ನೋಡಬೇಕಾದದ್ದು ಇದನ್ನೇ. ತಿಂಗಳು ತಿಂಗಳು ಮುಟ್ಟು ಸರಿಯಾಗಿ ಆಗುತ್ತಿದ್ದರೆ ಅಂಡಾಶಯ ಕೆಲಸಕ್ಕೆ ಇಳಿದಿದೆ ಎಂದೇ ಸಾಮಾನ್ಯವಾಗಿ ತಿಳಿಯಬಹುದು. ಅಂಥವರು ಹಾಲು ಕೊಡುತ್ತಲೇ ಪ್ರಯತ್ನಿಸಬಹುದು. ಆದರೆ ಮೊದಲ ಒಂದೆರಡು ತಿಂಗಳಲ್ಲೇ ಆಗಿಬಿಡಬೇಕೆಂದು ನಿರೀಕ್ಷಿಸಬಾರದು. ಹೊಸದಾಗಿ ಮರಳಿದ ಮುಟ್ಟಿನಲ್ಲಿ ಕೆಲವೊಮ್ಮೆ ಅಂಡ ಬಿಡುಗಡೆಯೇ ಆಗಿರುವುದಿಲ್ಲ. ಕೆಲವೊಮ್ಮೆ ಅಂಡ ಬಿಡುಗಡೆಯಾದ ದಿನದಿಂದ ಮುಂದಿನ ಮುಟ್ಟಿನವರೆಗಿನ ದಿನಗಳು ತೀರ ಕಡಿಮೆಯಾಗಿ, ಗರ್ಭ ಬೇರೂರುವಷ್ಟು ಸಮಯ ಸಿಗುವುದಿಲ್ಲ. ಹಾಲಿನ ಸಲ ಕಡಿಮೆಯಾದಂತೆ ಇದು ಬಹುಮಟ್ಟಿಗೆ ತಾನಾಗಿ ಸರಿಹೋಗುತ್ತದೆ.

ಮುಟ್ಟು ಬಂದೇ ಇಲ್ಲದಿದ್ದರೆ? ಅದೊಂದನ್ನೇ ಕಾಯಿಲೆಯೆಂದು ಹೆದರಬೇಕಾಗಿಲ್ಲ. ಹಾಲು ಹೆಚ್ಚು ಕೊಡುವವರಲ್ಲಿ ವರ್ಷ, ಒಂದೂವರೆ ವರ್ಷ, ಕೆಲವರಲ್ಲಿ ಅದಕ್ಕೂ ಮೀರಿ ಮುಟ್ಟು ತಡವಾಗುವುದುಂಟು. ಆದರೆ ಒಂದು ಎಚ್ಚರಿಕೆ. ಅಂಡ ಮೊದಲು ಬಿಡುಗಡೆಯಾಗುತ್ತದೆ, ಮುಟ್ಟು ಬರುವುದು ಆ ಬಳಿಕ. ಆ ಮೊದಲ ಅಂಡವೇ ಫಲಿಸಿದರೆ ಮುಟ್ಟು ಕಾಣದೆಯೇ ಬಸಿರು ನಿಲ್ಲುತ್ತದೆ. ಹಿಂದಿನ ಕಾಲದಲ್ಲಿ ‘ಹೊಟ್ಟೆ ಕಾಣಿಸಿದ ಮೇಲೆಯೇ ಗೊತ್ತಾಯಿತು’ ಎಂದು ಅಜ್ಜಿಯಂದಿರು ಹೇಳುತ್ತಿದ್ದ ಕಥೆಗಳ ಗುಟ್ಟು ಇದು. ಆದ್ದರಿಂದ ಮುಟ್ಟಿಲ್ಲದ ತಾಯಿ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳುವ ಮೊದಲು, ಎಕ್ಸ್‌ರೇಗೆ ನಿಲ್ಲುವ ಮೊದಲು, ಒಮ್ಮೆ ಬಸಿರಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಫಲಿಸುವ ದಿನಗಳನ್ನು ಗುರುತಿಸುವುದರಲ್ಲಿ ನಮ್ಮ ನಾಡಿಗೆ ಒಂದು ಸ್ವಾರಸ್ಯದ ಚರಿತ್ರೆಯೇ ಇದೆ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಗಿತ್ತು. 1950ರ ದಶಕದ ಆರಂಭದಲ್ಲಿ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲೂ ದೆಹಲಿಯ ಲೋಧಿ ಕಾಲೋನಿಯಲ್ಲೂ ದಿನ ಎಣಿಸುವ ಪದ್ಧತಿಯ ಪ್ರಯೋಗ ನಡೆಯಿತು. ಓದು ಬರಹ ಬಾರದ ಹೆಂಗಸರಿಗೆಂದು ಬಣ್ಣದ ಮಣಿಗಳ ಸರವನ್ನೂ ಮಾಡಿಸಲಾಗಿತ್ತು. ದಿನಕ್ಕೊಂದು ಮಣಿ ಸರಿಸಿದರಾಯಿತು. ಜಪಮಣಿ ಎಣಿಸುವ ಕೈಗೆ ಇದೇನು ಕಷ್ಟ ಎಂದು ನಮಗೆ ಅನ್ನಿಸೀತು. ಕಷ್ಟ ಎಣಿಕೆಯಲ್ಲಿರಲಿಲ್ಲ, ಎಲ್ಲ ಹೆಂಗಸರ ತಿಂಗಳೂ ಒಂದೇ ಅಳತೆಯದಲ್ಲವಲ್ಲ! ಹಾಲುಣಿಸುವ ತಾಯಿಯದಂತೂ ಒಮ್ಮೆ 26 ದಿನ, ಒಮ್ಮೆ 45 ದಿನ. ಕ್ಯಾಲೆಂಡರ್ ಎಣಿಕೆಯನ್ನು ಅವಳು ನೆಚ್ಚುವಂತಿಲ್ಲ. ದಿನವೂ ಬೆಳಿಗ್ಗೆ ಜ್ವರದ ಕಡ್ಡಿ ಇಟ್ಟು ಮೈಶಾಖ ನೋಡುವ ಕ್ರಮವೂ ರಾತ್ರಿ ನಾಲ್ಕು ಸಲ ಏಳುವವಳಿಗೆ ಸರಿಯಾಗಿ ಕೈಹಿಡಿಯುವುದಿಲ್ಲ.

ಅವಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ದೇಹವೇ ತೋರಿಸುವ ಗುರುತು. ಅಂಡ ಬಿಡುಗಡೆಯ ದಿನ ಹತ್ತಿರವಾದಂತೆ ಬಿಳಿಸ್ರಾವ ತೆಳ್ಳಗಾಗಿ, ತಿಳಿಯಾಗಿ, ಎಳೆದರೆ ನೂಲಿನಂತೆ ಹಿಗ್ಗುತ್ತದೆ. ಪುಸ್ತಕಗಳಲ್ಲಿ ಇದನ್ನು ಮೊಟ್ಟೆಯ ಬಿಳಿಗೆ ಹೋಲಿಸಿರುತ್ತಾರೆ. ಮೊಟ್ಟೆಯನ್ನು ಮನೆಯೊಳಗೆ ತಾರದ ನಮ್ಮವರಿಗೆ ಆ ಹೋಲಿಕೆ ಏನೂ ಹೇಳದು. ಎಳೆ ಬೆಂಡೆಕಾಯಿ ಹೆಚ್ಚುವಾಗ ಈಳಿಗೆಗೆ ಹತ್ತುವ ಲೋಳೆಯನ್ನು ನೆನೆಸಿಕೊಂಡರೆ ಸಾಕು. ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನಗಳೇ ಫಲಿಸುವ ಕಾಲ. ಅಂಡ ಬಿಡುಗಡೆಯ ಸೂಚನೆ ಕೊಡುವ ಮೂತ್ರಪರೀಕ್ಷೆಯ ಪಟ್ಟಿಗಳು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ, ಹಾಲುಣಿಸುವವರೂ ಬಳಸಬಹುದು. ತಿಂಗಳು ಏರುಪೇರಾಗಿದ್ದರೆ ಪಟ್ಟಿ ಬಹಳ ಖರ್ಚಾಗುತ್ತದೆ, ಅಷ್ಟೆ.

ಆತುರ ಯಾರದು?

ಕಟ್ಟಬೆಟ್ಟಿನ ಆ ತಂಗಿಯ ಮಾತಿನಲ್ಲಿ ‘ಮಗಳು’ ಎಂಬ ಶಬ್ದವಿತ್ತು. ಅದನ್ನು ನಾನು ಬಿಟ್ಟುಹೋಗಲಾರೆ. ಸೀಮಾ ಜಯಚಂದ್ರನ್ ಮತ್ತು ಇಲ್ಯಾನಾ ಕುಜಿಯೆಂಕೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ಜಾಲಾಡಿ 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಭಾರತದಲ್ಲಿ ಗಂಡುಮಗುವಿಗಿಂತ ಹೆಣ್ಣುಮಗುವಿಗೆ ಮೊಲೆ ಬೇಗ ಬಿಡಿಸುತ್ತಾರೆ. ಅಣ್ಣಂದಿರಿಲ್ಲದ ಮಗುವಿಗೂ ಹಾಗೆಯೇ. ಗಂಡು ಬೇಕೆಂದು ಮುಂದಿನ ಬಸಿರಿಗೆ ಆತುರಪಡುವುದೇ ಇದಕ್ಕೆ ಕಾರಣವೆಂದು ಅವರು ತೋರಿಸಿದರು. ಯಾರೂ ಮಗಳಿಗೆ ಕೇಡು ಬಯಸಿ ಹಾಗೆ ಮಾಡಿದ್ದಲ್ಲ. ಆದರೂ ಹುಟ್ಟದ ತಮ್ಮನಿಗಾಗಿ ಹುಟ್ಟಿದ ಅಕ್ಕನ ಹಾಲು ನಿಂತಿತು.

ಇದು ಬೇರೆಯವರ ಮನೆಯ ಮಾತು ಎಂದುಕೊಳ್ಳುವಂತಿಲ್ಲ. 2001ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 927 ಹೆಣ್ಣುಮಕ್ಕಳಿದ್ದರೆ ಜೈನ ಸಮಾಜದಲ್ಲಿ 870 ಮಾತ್ರ ಇದ್ದರು. 2011ರಲ್ಲಿ ಅದು 889ಕ್ಕೆ ಏರಿತು. ಇರುವೆಗೂ ನೋವಾಗದಂತೆ ನಡೆಯುವ ಸಮಾಜದ ಅಂಕಿ ಇದು. ಓದಿದಾಗ ತಲೆ ತಗ್ಗುತ್ತದೆ. ಮೊದಲನೆಯದು ಗಂಡಾಗಿದ್ದರೆ ಅತ್ತೆಯವರು ಬೇವಿನೆಣ್ಣೆಯ ಮಾತನ್ನು ಇಷ್ಟು ಬೇಗ ಎತ್ತುತ್ತಿದ್ದರೇ ಎಂದು ಪ್ರತಿ ಮನೆಯವರೂ ತಮ್ಮೊಳಗೇ ಕೇಳಿಕೊಳ್ಳಲಿ.

ಇನ್ನೊಂದು ಬಗೆಯ ಆತುರವೂ ಇದೆ, ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನಮ್ಮ ಹೆಣ್ಣುಮಕ್ಕಳು ಓದುತ್ತಿದ್ದಾರೆ, ಮದುವೆ ಇಪ್ಪತ್ತೇಳು ಇಪ್ಪತ್ತೆಂಟಕ್ಕೆ ಹೋಗಿದೆ, ಮೊದಲ ಮಗು ಮೂವತ್ತಕ್ಕೆ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಜೈನ ಮಹಿಳೆಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 1.6. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ 1.2 ಇತ್ತು. ಸಮಾಜದ ಸಂಖ್ಯೆ ಇಳಿಯುತ್ತಿದೆಯೆಂದು ಸಭೆಗಳಲ್ಲಿ ಭಾಷಣವಾಗುತ್ತದೆ. ಸಮಾಜದ ಸಂಖ್ಯೆ ಹೆಚ್ಚಿಸುವ ಭಾರವನ್ನು ಹಾಲೂಡುವ ತಾಯಿಯ ಮೇಲೆ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ವಯಸ್ಸಿನ ಮಾತು ನಿಜ. ಮೂವತ್ತೈದು ದಾಟಿದ ಮೇಲೆ ಗರ್ಭ ನಿಲ್ಲುವ ಸಂಭವ ವರ್ಷ ವರ್ಷಕ್ಕೂ ತಗ್ಗುತ್ತದೆ, ಗರ್ಭಪಾತದ ಸಂಭವ ಏರುತ್ತದೆ. ಮೂವತ್ತೆಂಟರ ತಾಯಿಗೆ ‘ಇನ್ನೂ ಎರಡು ವರ್ಷ ನಿಶ್ಚಿಂತೆಯಿಂದ ಹಾಲು ಕೊಡು’ ಎಂದು ಯಾವ ವಿವೇಕಿಯೂ ಹೇಳಲಾರ.

ಅಂತರ ಎಷ್ಟಿರಬೇಕು?

ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಪ್ರಯತ್ನಿಸುವ ಮುನ್ನ ಕನಿಷ್ಠ 24 ತಿಂಗಳು ಬಿಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ 2005ರಲ್ಲಿ ಹೇಳಿತು. ಮಗುವಿಗೆ ಎರಡು ವರ್ಷ ಮತ್ತು ಅದಕ್ಕೂ ಮೀರಿ ಎದೆಹಾಲು ಮುಂದುವರಿಸಬೇಕೆಂಬುದೂ ಅದೇ ಸಂಸ್ಥೆಯ ಸಲಹೆ. ಎರಡು ಸಲಹೆಗಳೂ ಒಂದೇ ಗಡಿಗೆ ಬಂದು ನಿಲ್ಲುವುದನ್ನು ಗಮನಿಸಿ. ಅಂತರ ತೀರ ಕಡಿಮೆಯಾದರೆ ಕೂಸು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಿರುವ ಅಪಾಯ ಹೆಚ್ಚು. ತಾಯಿಯ ರಕ್ತವೂ ತುಂಬಿಕೊಂಡಿರುವುದಿಲ್ಲ. ಮೊದಲನೆಯದು ಸಿಸೇರಿಯನ್ ಆಗಿದ್ದರೆ ಗರ್ಭಕೋಶದ ಹೊಲಿಗೆ ಮಾಗಲೂ ಕಾಲ ಬೇಕು. ವಯಸ್ಸು ಮೂವತ್ತೈದರ ಆಚೆಗಿದ್ದರೆ ವೈದ್ಯರು ಒಂದೂವರೆ ವರ್ಷದ ಅಂತರಕ್ಕೇ ಒಪ್ಪುವುದುಂಟು. ಅದು ಅವರೊಡನೆ ಕೂತು ತೀರ್ಮಾನಿಸುವ ವಿಷಯ.

ನೀಲಗಿರಿಯ ತೋಟಗಳಲ್ಲಿ ಈ ಅಂತರಕ್ಕೆ ರೂಪಾಯಿಯ ಬೆಲೆಯನ್ನೂ ಕಟ್ಟಿದ್ದರು. ದಕ್ಷಿಣ ಭಾರತದ ತೋಟಮಾಲೀಕರ ಸಂಘವಾದ ‘ಉಪಾಸಿ’ 1971ರಲ್ಲಿ ಇಲ್ಲಿಯ ಕೆಲವು ಚಹಾ ತೋಟಗಳಲ್ಲಿ ಒಂದು ಯೋಜನೆ ತಂದಿತು. ಬಸಿರಾಗದೆ ಕಳೆದ ಪ್ರತಿ ತಿಂಗಳಿಗೆ ಹೆಣ್ಣಾಳಿನ ಹೆಸರಿನ ಉಳಿತಾಯ ಖಾತೆಗೆ 5 ರೂಪಾಯಿ ಜಮಾ. ಮಕ್ಕಳು ಹೆಚ್ಚಾದರೆ ಆ ಹಣದಲ್ಲಿ ಕಡಿತ. ವ್ಯಾಪಾರಿಗಳಾದ ನಮಗೆ ಈ ಲೆಕ್ಕ ಥಟ್ಟನೆ ತಿಳಿಯುತ್ತದೆ. ಆದರೆ ಹೆಣ್ಣಿನ ಒಡಲನ್ನು ಮಾಲೀಕನ ಖಾತೆಪುಸ್ತಕದಲ್ಲಿ ಬರೆದದ್ದು ನನಗೆ ಹಿಡಿಸುವುದಿಲ್ಲ. ಅಂತರಕ್ಕೆ ಬೆಲೆಯಿದೆಯೆಂಬುದನ್ನು ಅವರು ಕಂಡಿದ್ದರೆಂಬುದು ಮಾತ್ರ ದಿಟ.

ಈ ಲೆಕ್ಕದಲ್ಲಿ ನಮ್ಮ ಸೊಸೆಗೆ ಇನ್ನೂ ಐದು ತಿಂಗಳಿದೆ. ಬೇವಿನೆಣ್ಣೆಗೆ ಈಗ ಯಾವ ಅವಸರವೂ ಇಲ್ಲ. ಈ ಐದು ತಿಂಗಳನ್ನು ಸುಮ್ಮನೆ ಕಳೆಯುವ ಬದಲು ಹಾಲನ್ನು ನಿಧಾನವಾಗಿ ಕಡಿಮೆ ಮಾಡಲು, ಮೈಯಲ್ಲಿ ರಕ್ತ ತುಂಬಿಕೊಳ್ಳಲು ಬಳಸಿಕೊಳ್ಳಬಹುದು.

ಕಡಿಮೆ ಮಾಡುವ ಬಗೆ

ಬೇವು, ಹಾಗಲ, ಮೆಣಸಿನ ಪುಡಿ ಹಚ್ಚಿ ಒಂದೇ ದಿನದಲ್ಲಿ ಬಿಡಿಸುವುದು ಹಳೆಯ ಪದ್ಧತಿ. ಅದರಿಂದ ತಾಯಿಯ ಎದೆ ಕಲ್ಲಿನಂತೆ ಗಟ್ಟಿಯಾಗಿ, ಹಾಲು ಕಟ್ಟಿ, ಜ್ವರ ಬಂದು ಬಾವು ಆಗಬಹುದು. ಮಗುವಿಗೋ, ನಿನ್ನೆಯವರೆಗೆ ಸಮಾಧಾನ ಕೊಟ್ಟ ಮಡಿಲು ಇವತ್ತು ಕಹಿಯಾದದ್ದು ಏಕೆಂದು ತಿಳಿಯದು. ಹಾಲು ಬತ್ತಿಸುವ ಮಾತ್ರೆಯನ್ನು ಕೇಳಿ ಪಡೆಯುವವರಿದ್ದಾರೆ. ಬ್ರೊಮೊಕ್ರಿಪ್ಟಿನ್ ಎಂಬ ಮಾತ್ರೆಯಿಂದ ಕೆಲವು ಬಾಣಂತಿಯರಿಗೆ ರಕ್ತದೊತ್ತಡ ಏರಿ ಫಿಟ್ಸ್, ಲಕ್ವ ಬಂದ ವರದಿಗಳಿಂದಾಗಿ ಹಾಲು ನಿಲ್ಲಿಸಲು ಅದನ್ನು ಕೊಡುವ ಅನುಮತಿಯನ್ನು ಅಮೆರಿಕದಲ್ಲಿ 1990ರ ದಶಕದಲ್ಲೇ ಹಿಂದೆಗೆದುಕೊಳ್ಳಲಾಯಿತು. ವೈದ್ಯರು ನೋಡದೆ ಇಂಥ ಮಾತ್ರೆ ಬೇಡವೇ ಬೇಡ.

ಒಂದು ಸಲದ ಹಾಲನ್ನು ಬಿಟ್ಟು ವಾರ ಹತ್ತು ದಿನ ಕಾಯಿರಿ, ಆಮೇಲೆ ಇನ್ನೊಂದು ಸಲದ್ದು. ಮುಟ್ಟು ಬರುವುದೇ ಗುರಿಯಾಗಿದ್ದರೆ ರಾತ್ರಿಯದರಿಂದ ಶುರುಮಾಡಿ. ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ ಕೊಟ್ಟು ನಡುವೆ ಆರೇಳು ಗಂಟೆಯ ಬಿಡುವು ಬಂದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ, ಹಗಲಿನ ಹಾಲು ಹಾಗೆಯೇ ನಡೆಯಬಹುದು. ಇಲ್ಲಿ ಮಗುವಿನ ತಂದೆಗೆ ಕೆಲಸವಿದೆ. ರಾತ್ರಿ ಮಗು ಎದ್ದಾಗ ತಾಯಿಯ ವಾಸನೆ ಸಿಕ್ಕಿದರೆ ಅದು ಬೇರೇನನ್ನೂ ಒಪ್ಪದು. ತಂದೆ ಎತ್ತಿಕೊಂಡು ತಿರುಗಿದರೆ, ಒಂದು ಗುಟುಕು ನೀರು ಕುಡಿಸಿದರೆ ಕ್ರಮೇಣ ಒಗ್ಗಿಕೊಳ್ಳುತ್ತದೆ. ಅಂಗಡಿ ಮುಚ್ಚಿ ದಣಿದು ಬಂದವರಿಗೆ ಇದು ಕಷ್ಟವೇ. ಅಜ್ಜಿಯ ಪಕ್ಕದಲ್ಲಿ ಮಲಗಿಸುವ ಅನುಕೂಲ ಕೂಡುಕುಟುಂಬದಲ್ಲಿದೆ, ಬೇವಿನೆಣ್ಣೆಯ ಬದಲು ಅತ್ತೆಯವರು ಈ ಸಹಾಯ ಮಾಡಲಿ. ಮಗುವಿಗೆ ಜ್ವರ ಬಂದಾಗ, ಹಲ್ಲು ಬರುವಾಗ ಈ ಪ್ರಯತ್ನಕ್ಕೆ ನಾಲ್ಕು ದಿನ ರಜೆ.

ಹೀಗೆ ಮಾಡಿಯೂ ಮುಟ್ಟು ಬರಲಿಲ್ಲ, ಅಥವಾ ಮುಟ್ಟು ಕ್ರಮವಾಗಿದ್ದೂ ವರ್ಷ ಕಳೆಯಿತು, ಬಸಿರು ನಿಲ್ಲಲಿಲ್ಲ ಎಂದಾದರೆ ವೈದ್ಯರನ್ನು ಕಾಣಬೇಕು. ಮೂವತ್ತೈದು ದಾಟಿದವರು ಆರು ತಿಂಗಳಿಗೇ ಕಾಣಬೇಕು. ‘ಹಾಲು ಕೊಡುತ್ತಿದ್ದೇನೆ’ ಎಂಬುದನ್ನು ಮೊದಲೇ ಹೇಳಿ. ಹೇಳದಿದ್ದರೆ ರಕ್ತಪರೀಕ್ಷೆಯಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಾಗಿ ಕಂಡು, ಇಲ್ಲದ ಕಾಯಿಲೆಗೆ ಔಷಧಿ ಶುರುವಾದೀತು. ಥೈರಾಯ್ಡ್ ಪರೀಕ್ಷೆ ಆಗಲಿ. ಹಾಲು ಹೆಚ್ಚಲೆಂದು ಡೊಂಪೆರಿಡೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಅದು ಪ್ರೊಲ್ಯಾಕ್ಟಿನ್ ಏರಿಸುತ್ತದೆ. ಅಂಡ ಬೆಳೆಸುವ ಔಷಧಿಗಳನ್ನು ಹಾಲುಣಿಸುವಾಗ ಸಾಮಾನ್ಯವಾಗಿ ಕೊಡುವುದಿಲ್ಲ, ಅಂಥ ಚಿಕಿತ್ಸೆಯೇ ಬೇಕೆಂದಾದಾಗ ಮಾತ್ರ ಹಾಲು ಪೂರ್ತಿ ಬಿಡಿಸುವ ಪ್ರಶ್ನೆ ಬರುತ್ತದೆ. ಮತ್ತೊಂದು ಮಾತು: ತಪಾಸಣೆ ಗಂಡನಿಗೂ ಆಗಬೇಕು. ‘ಒಂದು ಮಗು ಆಗಿದೆಯಲ್ಲ, ನನ್ನದೇನಿದೆ’ ಎನ್ನುವಂತಿಲ್ಲ. ಎರಡು ಮೂರು ವರ್ಷದಲ್ಲಿ ದೇಹ ಬದಲಾಗುತ್ತದೆ. ಗುಟ್ಕಾ, ಹೊಗೆಸೊಪ್ಪು ವೀರ್ಯವನ್ನೂ ಕೆಡಿಸುತ್ತವೆ.

ನಮ್ಮ ಅಡುಗೆಮನೆಯ ಮಾತು

‘ಬೀಟ್‌ರೂಟು, ಕ್ಯಾರೆಟ್ ತಿನ್ನಿ, ದಿನಕ್ಕೊಂದು ಮೊಟ್ಟೆ ತಿನ್ನಿ’ ಎಂದು ಹೊರಗಿನ ವೈದ್ಯರು ಹೇಳಿದಾಗ ನಮ್ಮವರು ತಬ್ಬಿಬ್ಬಾಗುತ್ತಾರೆ. ಗೆಡ್ಡೆಗಳಲ್ಲಿ ಕಬ್ಬಿಣದಂಶ ಹೆಚ್ಚೇನೂ ಇಲ್ಲ, ಅದಕ್ಕಾಗಿ ಕೊರಗಬೇಕಾಗಿಲ್ಲ. ಹುರುಳಿ, ಕಡಲೆ, ಹೆಸರು, ಎಳ್ಳು, ರಾಗಿ, ಅವಲಕ್ಕಿ ನಮ್ಮಲ್ಲಿವೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಮನೆಗಳಲ್ಲಿ ಈ ಕಾಳುಗಳೇ ಆಧಾರ. ಊಟದ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇರಲಿ, ಕಬ್ಬಿಣ ಮೈಗೆ ಹತ್ತುತ್ತದೆ. ನೀಲಗಿರಿಯವರಿಗೆ ಕಹಿಯಾದ ಮಾತೊಂದು: ಊಟದೊಡನೆ ಕುಡಿದ ಚಹಾ ಆ ಕಬ್ಬಿಣವನ್ನು ಹೀರದಂತೆ ತಡೆಯುತ್ತದೆ. ಚಹಾ ಬಿಡಬೇಕಾಗಿಲ್ಲ, ಊಟಕ್ಕೂ ಅದಕ್ಕೂ ಒಂದು ಗಂಟೆ ಅಂತರವಿರಲಿ.

ಕಾಳಜಿ ಮಾಡಬೇಕಾದದ್ದು ಬಿ-12 ಜೀವಸತ್ವದ ಬಗ್ಗೆ. ಶುದ್ಧ ಸಸ್ಯಾಹಾರಿಗೆ ಅದು ಸಿಗುವುದು ಹಾಲು ಮೊಸರಿನಿಂದ ಮಾತ್ರ, ಅದೂ ಅನೇಕರಿಗೆ ಸಾಲದು. ತಾಯಿಯಲ್ಲಿ ಕೊರತೆಯಿದ್ದರೆ ಅವಳ ಹಾಲಿನಲ್ಲೂ ಕೊರತೆ. ಬರೀ ಮೊಲೆಹಾಲನ್ನೇ ನೆಚ್ಚಿದ ಮಗು ಮಂಕಾಗಿ, ಕಲಿತ ಆಟ ಮರೆತು, ಕೈಕಾಲು ನಡುಗುವ ಸ್ಥಿತಿಗೆ ಬಂದದ್ದನ್ನು ನಮ್ಮ ದೇಶದ ಮಕ್ಕಳ ವೈದ್ಯರು ಕಂಡಿದ್ದಾರೆ. ಎರಡನೆಯ ಬಸಿರಿಗೆ ಮೊದಲು ಹಿಮೋಗ್ಲೋಬಿನ್ ಜೊತೆಗೆ ಬಿ-12 ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಮಾತ್ರೆ ಅಥವಾ ಚುಚ್ಚುಮದ್ದು ಪಡೆಯಿರಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಬಸಿರು ನಿಲ್ಲುವ ಮೊದಲಿಂದಲೇ ತೆಗೆದುಕೊಳ್ಳಬೇಕು. ಕೂಸಿನ ಬೆನ್ನುಹುರಿ ರೂಪುಗೊಳ್ಳುವುದು ಬಸಿರು ಖಚಿತವಾಗುವ ಹೊತ್ತಿಗೇ.

ಉಪವಾಸದ ಪ್ರಶ್ನೆ ಸೂಕ್ಷ್ಮ. ಪರ್ಯೂಷಣದಲ್ಲಿ, ದಶಲಕ್ಷಣದಲ್ಲಿ ಹಾಲೂಡುವ ಸೊಸೆಯೂ ಎಂಟು ದಿನ, ಹತ್ತು ದಿನ ಹಿಡಿಯಬೇಕೆಂದು ಬಯಸುತ್ತಾಳೆ, ಮೊದಲಿನ ವರ್ಷ ಮಾಡಿದ್ದೆ ಎನ್ನುತ್ತಾಳೆ. ದೇಹಕ್ಕೆ ಆಹಾರ ಸಾಲದಾದಾಗ ಅಂಡಾಶಯ ತನ್ನ ಕೆಲಸವನ್ನು ಮುಂದೂಡುತ್ತದೆ, ಹಾಲೂ ತಗ್ಗುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಿಲ್ಲ. ಸೂರ್ಯಾಸ್ತದ ನಂತರ ಉಣ್ಣದವರು ಸಂಜೆಯ ಊಟವನ್ನು ಗಟ್ಟಿಯಾಗಿ ಮಾಡಿ, ಹಗಲಿನಲ್ಲೇ ನೀರು ಹೆಚ್ಚು ಕುಡಿಯಲಿ. ರಾತ್ರಿ ನೀರನ್ನೂ ತ್ಯಜಿಸಿದವರು ಗುರುಗಳಲ್ಲಿ ತಮ್ಮ ಸ್ಥಿತಿ ತಿಳಿಸಿ ಕೇಳಿಕೊಳ್ಳಲಿ.

ಬಸಿರು ನಿಂತ ಮೇಲೆ

‘ಬಸುರಿಯ ಹಾಲು ಮಗುವಿಗೆ ವಿಷ’ ಎಂಬ ಮಾತು ಬಹಳ ಹಳೆಯದು. ಬಸಿರಾದ ತಾಯಿಯ ಹಾಲು ಕುಡಿದು ಸೊರಗುವ ಮಗುವಿನ ರೋಗವನ್ನು ಆಯುರ್ವೇದ ‘ಪಾರಿಗರ್ಭಿಕ’ ಎಂದು ಕರೆಯಿತು. ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿ ಕೆಲಸ ಮಾಡಿದ ಡಾಕ್ಟರ್ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ‘ಕ್ವಾಶಿಯೋರ್ಕರ್’ ಎಂಬ ರೋಗವನ್ನು ವಿವರಿಸಿದರು. ತಮ್ಮನೋ ತಂಗಿಯೋ ಹುಟ್ಟಿದಾಗ ಮಡಿಲಿನಿಂದ ಕೆಳಗಿಳಿಸಲ್ಪಟ್ಟ ಮಗುವಿಗೆ ಬರುವ ಕಾಯಿಲೆ ಎಂಬುದು ಆ ಸೀಮೆಯ ಭಾಷೆಯಲ್ಲಿ ಅದರ ಅರ್ಥ. ಎರಡು ದೂರದ ನಾಡುಗಳ ಹಿರಿಯರು ಕಂಡ ಮಗುವಿನ ಸ್ಥಿತಿ ಒಂದೇ. ದೋಷ ಹಾಲಿನಲ್ಲಿರಲಿಲ್ಲ. ಹಾಲು ತಪ್ಪಿದ ಮೇಲೆ ಮಗುವಿಗೆ ಬರೀ ಗಂಜಿ ಸಿಕ್ಕಿತು, ಬೇಳೆಕಾಳು ಸಿಗಲಿಲ್ಲ.

ಆರೋಗ್ಯವಾಗಿ ಸಾಗುತ್ತಿರುವ ಬಸಿರಿನಲ್ಲಿ ಹಾಲುಣಿಸುವುದರಿಂದ ಗರ್ಭಪಾತವಾಗುತ್ತದೆಂಬುದಕ್ಕೆ ಆಧಾರ ಕಂಡುಬಂದಿಲ್ಲ. ಆದರೆ ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದವರು, ರಕ್ತ ಕಾಣಿಸಿಕೊಂಡವರು, ಅವಳಿ ಮಕ್ಕಳಿರುವವರು, ಬಿಗಿತದ ನೋವು ಬರುವವರು ನಿಲ್ಲಿಸಬೇಕಾದೀತು. ವೈದ್ಯರ ಮಾತೇ ಕೊನೆ. ಮೊದಲ ತಿಂಗಳುಗಳಲ್ಲಿ ಮೊಲೆತೊಟ್ಟು ನೋಯುತ್ತದೆ, ಹಾಲು ಕೊಡುವಾಗ ಕೆಲವರಿಗೆ ಕಿರಿಕಿರಿಯೂ ಆಗುತ್ತದೆ. ನಾಲ್ಕೈದು ತಿಂಗಳ ಹೊತ್ತಿಗೆ ಹಾಲು ಬಹಳ ತಗ್ಗಿ, ರುಚಿಯೂ ಬದಲಾಗುತ್ತದೆ. ಎಷ್ಟೋ ಮಕ್ಕಳು ಆಗ ತಾವಾಗಿಯೇ ಮುಖ ತಿರುಗಿಸುತ್ತವೆ. ಆ ಹೊತ್ತಿಗೆ ದೊಡ್ಡ ಮಗುವಿನ ತಟ್ಟೆಯಲ್ಲಿ ತೊವ್ವೆ, ತುಪ್ಪ, ಮೊಸರು, ಕಡಲೆ ಹುಡಿ ಧಾರಾಳವಾಗಿರಲಿ. ತಾಯಿಯ ಊಟದಲ್ಲಿ ಮೂವರ ಪಾಲಿದೆ ಎಂಬುದನ್ನು ಬಡಿಸುವವರು ಮರೆಯಬಾರದು.

ಕೆಲವು ಮಕ್ಕಳು ಬಿಡುವುದೇ ಇಲ್ಲ. ಹೆರಿಗೆಯಾದ ಮೇಲೂ ಬಂದು ಪಕ್ಕದಲ್ಲಿ ಕೂರುತ್ತವೆ. ಇಬ್ಬರಿಗೂ ಕೊಡಬಹುದು. ಮೊದಲ ದಿನಗಳ ಗಿಣ್ಣುಹಾಲು ಹೊಸ ಕೂಸಿನ ಪಾಲು, ಅದು ಕುಡಿದು ಮುಗಿಸಿದ ಮೇಲೆ ದೊಡ್ಡದಕ್ಕೆ. ಆ ಹಾಲಿನಿಂದ ದೊಡ್ಡ ಮಗುವಿಗೆ ಒಂದೆರಡು ದಿನ ತೆಳ್ಳಗೆ ಭೇದಿಯಾದರೆ ಗಾಬರಿಯಾಗಿ ಬಿಡಿಸಬೇಡಿ, ತಾನಾಗಿ ನಿಲ್ಲುತ್ತದೆ.